ಡೂಪ್ಲಿಕೇಟ್ ಪಿಕಾಚು ಯಾಕೆ ಅಳ್ತಿದೆ?

ಹೋದ ಭಾನುವಾರ ಅಕ್ಕನ ಮನೆಯಲ್ಲಿ ಊಟ. ಉಂಡು ಸೋಫಾಗೆ ಒರಗಿದ್ದೆ ಅಷ್ಟೇ, ಅವಳ ಏಳು ವರ್ಷದ ಮಗ ರಿಮೋಟ್ ತಂದು ಕೈಗಿಟ್ಟ. “ಚಿಕ್ಕಿ, ನೀನು ಚಿಕ್ಕವಳಿದ್ದಾಗ ನೋಡಿದ್ದ ಪೊಕೆಮಾನ್ ಸಿನಿಮಾ ಹಾಕು. ಹೊಸದು ಬೇಡ, ಹಳೇದು.”

ಹಳೇದು ಅಂದರೆ ‘ಮ್ಯೂಟೂ ಸ್ಟ್ರೈಕ್ಸ್ ಬ್ಯಾಕ್’. 1998ರ ಜುಲೈ 18ರಂದು ಜಪಾನಿನಲ್ಲಿ ತೆರೆಕಂಡ, ಪೊಕೆಮಾನ್ ಸರಣಿಯ ಮೊಟ್ಟಮೊದಲ ಸಿನಿಮಾ. ಒಂದೂಕಾಲು ಗಂಟೆಯದ್ದು. ಮಧ್ಯಾಹ್ನದ ನಿದ್ದೆಗೆ ಎಳ್ಳುನೀರು ಬಿಟ್ಟು ಹಾಕಿದೆ.

ಮುಕ್ಕಾಲು ಸಿನಿಮಾ ಅವನು ತುಟಿಪಿಟಕ್ ಅನ್ನಲಿಲ್ಲ. ಆಮೇಲೆ ಆ ದೃಶ್ಯ ಬಂತು. ಎದುರುಬದುರು ಎರಡು ಪಿಕಾಚು. ಒಂದು ನಮ್ಮ ಪಿಕಾಚು, ಇನ್ನೊಂದು ಅದರ ನಕಲು. ನಕಲು ಪಿಕಾಚು ಕೆನ್ನೆಗೆ ಹೊಡೆಯುತ್ತೆ, ನಮ್ಮದು ತಿರುಗಿ ಹೊಡೆಯಲ್ಲ. ಮತ್ತೆ ಹೊಡೆಯುತ್ತೆ, ಆಗಲೂ ಇಲ್ಲ. ಹೊಡೀತಾ ಹೊಡೀತಾ ಹೊಡೆಯುವುದೇ ಅಳೋಕೆ ಶುರುಮಾಡುತ್ತೆ.

“ಚಿಕ್ಕಿ, ಡೂಪ್ಲಿಕೇಟ್ ಪಿಕಾಚು ಯಾಕೆ ಅಳ್ತಿದೆ?”

“ಅದಕ್ಕೂ ನೋವಾಗುತ್ತೆ ಪುಟ್ಟಾ.”

ಒಂದು ಕ್ಷಣ ಯೋಚನೆ ಮಾಡಿದ. “ಹಂಗಾದ್ರೆ ಅದೂ ನಿಜವಾದದ್ದೇ” ಅಂತ ಹೇಳಿ ಮತ್ತೆ ಟಿವಿ ಕಡೆ ತಿರುಗಿದ. ನಾನು ಮಾತ್ರ ಅಲ್ಲೇ ಸಿಕ್ಕಿಹಾಕಿಕೊಂಡೆ.

ಈ ಸಿನಿಮಾ ನೋಡದೇ ಇದ್ದವರಿಗೆ ಕತೆ ಚುಟುಕಾಗಿ ಹೇಳಿಬಿಡ್ತೀನಿ. ಮ್ಯೂ ಅನ್ನುವುದು ಬಹಳ ಅಪರೂಪದ ಪೊಕೆಮಾನ್. ಗುಲಾಬಿ ಬಣ್ಣ, ಬೆಕ್ಕಿನ ಮರಿಯಷ್ಟು ಗಾತ್ರ, ಉದ್ದ ಬಾಲ. ಅದರ ಪಳೆಯುಳಿಕೆಯಿಂದ ವಿಜ್ಞಾನಿಗಳು ಇನ್ನೊಂದು ಜೀವ ತಯಾರಿಸುತ್ತಾರೆ. ಅದೇ ಮ್ಯೂಟೂ, ಅಂದರೆ ಎರಡನೇ ಮ್ಯೂ. ಲೋಕದಲ್ಲೇ ಅತ್ಯಂತ ಬಲಶಾಲಿಯಾಗಿರಬೇಕು ಅಂತ ಮಾಡಿದ್ದು. ಗಾಜಿನ ತೊಟ್ಟಿಯೊಳಗೆ ಅದು ಕಣ್ಣುಬಿಟ್ಟಾಗ ವಿಜ್ಞಾನಿಗಳು ಪ್ರಯೋಗ ಗೆದ್ದಿತು ಅಂತ ಖುಷಿಪಡುತ್ತಾರೆ. ಅದು ಮಾತ್ರ ಕೇಳುವುದು ಒಂದೇ: ನಾನು ಯಾರು, ಯಾಕೆ ಹುಟ್ಟಿದೆ? ಆ ಪ್ರಶ್ನೆಗೆ ಲ್ಯಾಬ್‌ನಲ್ಲಿ ಯಾರ ಹತ್ತಿರವೂ ಉತ್ತರ ಇಲ್ಲ. ಸಿಟ್ಟಿಗೆ ಲ್ಯಾಬ್ ಸುಟ್ಟು ಬೂದಿಯಾಗುತ್ತೆ.

ಆಮೇಲೆ ಟೀಮ್ ರಾಕೆಟ್‌ನ ಬಾಸ್ ಜಿಯೊವಾನಿ ಬರುತ್ತಾನೆ. ಕವಚ ತೊಡಿಸಿ, ನಿನ್ನ ಶಕ್ತಿಯನ್ನು ಹಿಡಿತದಲ್ಲಿಡೋದು ಕಲಿಸ್ತೀನಿ ಅಂತ ನಂಬಿಸಿ, ತನ್ನ ಕೆಲಸಗಳನ್ನೆಲ್ಲ ಮಾಡಿಸಿಕೊಳ್ಳುತ್ತಾನೆ. ನಾನು ಇರೋದು ಯಾತಕ್ಕೆ ಅಂತ ಮ್ಯೂಟೂ ಕೇಳಿದರೆ, ಪೊಕೆಮಾನ್‌ಗಳು ಇರೋದೇ ಮನುಷ್ಯರ ಉಪಯೋಗಕ್ಕೆ ಅನ್ನುವ ಅರ್ಥದ ಉತ್ತರ ಸಿಗುತ್ತೆ. ಕವಚ ಒಡೆದುಕೊಂಡು ಮ್ಯೂಟೂ ಹೊರಟುಹೋಗುತ್ತೆ.

ಎಂಟು ವರ್ಷದವಳಿದ್ದಾಗ ಇದನ್ನು ನೋಡಿ ನನಗೆ ಜಿಯೊವಾನಿ ಬರೀ ವಿಲನ್ ಅನ್ನಿಸಿದ್ದ. ಎಂಟು ವರ್ಷ ಕೆಲಸ ಮಾಡಿದ ಮೇಲೆ ನೋಡಿದರೆ, ಅಪ್ರೈಸಲ್ ಮೀಟಿಂಗ್ ನೆನಪಾಯಿತು.

ಮುಂದಿನದ್ದು ಮ್ಯೂಟೂವಿನ ಸೇಡು. ತಾನು ಹುಟ್ಟಿದ ದ್ವೀಪದಲ್ಲೇ ಕೋಟೆ ಕಟ್ಟುತ್ತೆ. ಸಮುದ್ರದಲ್ಲಿ ಬಿರುಗಾಳಿ ಎಬ್ಬಿಸಿ, ಅದನ್ನು ದಾಟಿ ಬರಬಲ್ಲ ಟ್ರೇನರ್‌ಗಳನ್ನು ಮಾತ್ರ ಒಳಕ್ಕೆ ಬಿಡುತ್ತೆ. ಅವರ ಪೊಕೆಮಾನ್‌ಗಳನ್ನೆಲ್ಲ ಕಸಿದುಕೊಂಡು ಒಂದೊಂದಕ್ಕೂ ನಕಲು ತಯಾರಿಸುತ್ತೆ. ಆಗ ಮ್ಯೂ ಪ್ರತ್ಯಕ್ಷವಾಗುತ್ತೆ. ಅಸಲಿಗಳಿಗೂ ನಕಲಿಗಳಿಗೂ ಕಾಳಗ ಶುರು. ನಮ್ಮ ಆ್ಯಶ್ ಮ್ಯೂ ಮತ್ತು ಮ್ಯೂಟೂ ಮಧ್ಯೆ ನುಗ್ಗಿ, ಎರಡೂ ಕಡೆಯ ಹೊಡೆತ ತಿಂದು ಕಲ್ಲಾಗಿ ಬೀಳುತ್ತಾನೆ. ಪಿಕಾಚು ಶಾಕ್ ಕೊಟ್ಟು ಎಬ್ಬಿಸೋಕೆ ನೋಡುತ್ತೆ, ಎಷ್ಟು ಕೊಟ್ಟರೂ ಏಳಲ್ಲ. ಅಲ್ಲಿ ನಮ್ಮ ತಲೆಮಾರಿನ ಎಷ್ಟು ಮಕ್ಕಳು ಅತ್ತಿದ್ದಾರೋ ಲೆಕ್ಕ ಇಲ್ಲ. ಕೊನೆಗೆ ಅಸಲಿ, ನಕಲಿ ಅನ್ನದೆ ಎಲ್ಲ ಪೊಕೆಮಾನ್‌ಗಳೂ ಅಳುತ್ತವೆ. ಆ ಕಣ್ಣೀರಿಗೆ ಆ್ಯಶ್ ಎದ್ದು ಕೂರುತ್ತಾನೆ.

ನಮ್ಮಲ್ಲಿ ಪೊಕೆಮಾನ್ ಹುಚ್ಚು ಹತ್ತಿದ್ದು 2003ರ ಸುಮಾರಿಗೆ, ಕಾರ್ಟೂನ್ ನೆಟ್‌ವರ್ಕ್‌ನಿಂದ. ಸ್ಕೂಲಿಂದ ಬಂದು ಬ್ಯಾಗ್ ಎಸೆದು ಟಿವಿ ಮುಂದೆ. ಚಿಪ್ಸ್ ಬೇಕಾಗಿದ್ದು ತಿನ್ನೋಕಲ್ಲ, ಪ್ಯಾಕೆಟ್ ಒಳಗಿನ ಟಾಜೋಗೆ. ಕನ್ನಡದಲ್ಲಂತೂ ಇರಲಿಲ್ಲ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋಡಿ, ಅರ್ಧ ಅರ್ಥ ಮಾಡಿಕೊಂಡು, ಇನ್ನರ್ಧ ನಾವೇ ಕಟ್ಟಿಕೊಂಡು ಬೆಳೆದವರು ನಾವು. ಜಪಾನಿನ ಮಕ್ಕಳು ಅವನನ್ನು ಆ್ಯಶ್ ಅಂತ ಕರೆಯಲ್ಲ, ಸಾತೋಶಿ ಅಂತಾರೆ ಅನ್ನೋದು ನನಗೆ ಗೊತ್ತಾಗಿದ್ದೇ ಕಾಲೇಜಿಗೆ ಬಂದ ಮೇಲೆ. ಪೊಕೆಮಾನ್ ಗೇಮ್ ಹುಟ್ಟುಹಾಕಿದ ಸಾತೋಶಿ ತಾಜಿರಿಯ ಹೆಸರನ್ನೇ ಆ ಹುಡುಗನಿಗೆ ಇಟ್ಟಿದ್ದಂತೆ.

ಬದಲಾಗಿದ್ದು ಹೆಸರಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಇದೇ ಸಿನಿಮಾವನ್ನು ಜಪಾನಿ ಭಾಷೆಯಲ್ಲಿ, ಸಬ್‌ಟೈಟಲ್ ಹಾಕಿಕೊಂಡು ನೋಡಿದೆ. ಚಿತ್ರಗಳು ಹೆಚ್ಚುಕಡಿಮೆ ಅವೇ. ಹೇಳ್ತಿರೋ ಮಾತು ಬೇರೆ!

ಅಮೆರಿಕದಲ್ಲಿ ಇದು ಬಿಡುಗಡೆಯಾಗಿದ್ದು 1999ರ ನವೆಂಬರ್ 10ಕ್ಕೆ. ಅಲ್ಲಿಯವರು ಮಾತುಗಳನ್ನು ಮಾರ್ಪಡಿಸಿದರು, ಹಿನ್ನೆಲೆ ಸಂಗೀತವನ್ನು ಹೊಸದಾಗಿ ಮಾಡಿಸಿದರು, ಆ ಕಾಳಗದ ಮೇಲೆ ಒಂದು ಇಂಗ್ಲಿಷ್ ಪಾಪ್ ಹಾಡು ಕೂರಿಸಿದರು. ಪಾತ್ರಗಳ ಬಾಯಲ್ಲಿ ಹೊಡೆದಾಡೋದು ತಪ್ಪು ಅನ್ನುವ ಮಾತು ಬಂತು. ವಾರವಾರವೂ ಪೊಕೆಮಾನ್‌ಗಳನ್ನು ಹೊಡೆದಾಡಿಸಿ ಗೆಲ್ಲುವ ಹುಡುಗನ ಕತೆಯಲ್ಲಿ ಈ ಉಪದೇಶ ಸ್ವಲ್ಪ ವಿಚಿತ್ರ, ಅಲ್ವಾ?

ಜಪಾನಿ ಮೂಲದಲ್ಲಿ ಉಪದೇಶವೇ ಇಲ್ಲ. ಅಲ್ಲಿ ಮ್ಯೂ ನಾವು ಅಂದುಕೊಂಡಿದ್ದಷ್ಟು ಸಾಧುವೂ ಅಲ್ಲ. ಇಂಗ್ಲಿಷಿನಲ್ಲಿ ಅದು ನಿಜವಾದ ಬಲ ಹೃದಯದಿಂದ ಬರುತ್ತೆ ಅನ್ನುವ ಒಳ್ಳೇ ಮಾತಾಡುತ್ತೆ. ಜಪಾನಿಯಲ್ಲಿ ಅದರ ವಾದ ನೇರ: ಅಸಲಿ ಅಸಲಿಯೇ, ವಿಶೇಷ ಶಕ್ತಿಗಳನ್ನೆಲ್ಲ ಬದಿಗಿಟ್ಟು ಮೈಕೈಯಿಂದ ಸೆಣಸಿದರೆ ಅಸಲಿ ನಕಲಿಗೆ ಸೋಲಲ್ಲ. ಅಂದರೆ ನಕಲಿಗಿಂತ ನಾವು ಮೇಲು ಅನ್ನೋ ಜಂಬ ಅದಕ್ಕೂ ಇದೆ. ಹಾಗಾಗಿ ಆ ಹೊಡೆದಾಟ ಒಳ್ಳೇದಕ್ಕೂ ಕೆಟ್ಟದ್ದಕ್ಕೂ ನಡೆಯೋದಲ್ಲ. ನಾನೂ ಇದೀನಿ ಅಂತ ಎರಡೂ ಕಡೆಯವರು ಸಾಬೀತು ಮಾಡೋಕೆ ನಡೆಸೋ ಒದ್ದಾಟ.

ಕೊನೆಯಲ್ಲಂತೂ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತೆ. ಇಂಗ್ಲಿಷ್ ಮ್ಯೂಟೂ ಹೇಳುವುದರ ಸಾರ ಇಷ್ಟು: ಹೇಗೆ ಹುಟ್ಟಿದೆ ಅನ್ನೋದು ಮುಖ್ಯವಲ್ಲ, ಸಿಕ್ಕ ಬದುಕಿನಲ್ಲಿ ಏನು ಮಾಡ್ತೀಯ ಅನ್ನೋದರಿಂದ ನೀನು ಯಾರು ಅಂತ ಗೊತ್ತಾಗುತ್ತೆ. ಈ ಮಾತು ನಮ್ಮ ವಯಸ್ಸಿನವರಲ್ಲಿ ಬಹಳ ಪ್ರಸಿದ್ಧ. ಪೋಸ್ಟರ್ ಮಾಡಿ ಗೋಡೆಗೆ ಹಾಕಿಕೊಳ್ಳುವಂಥದ್ದು.

ಜಪಾನಿ ಮ್ಯೂಟೂ ಮ್ಯೂ ಕಡೆ ನೋಡಿ ಹೇಳುವುದು ಇದಕ್ಕಿಂತ ತುಂಬಾ ಚಿಕ್ಕದು. ನೀನೂ ನಾನೂ ಈಗಾಗಲೇ ಇರುವ ಪೊಕೆಮಾನ್‌ಗಳೇ ಅನ್ನುವಷ್ಟು ಮಾತ್ರ. ಎಲ್ಲರ ನೆನಪನ್ನೂ ಅಳಿಸಿ ಅದು ನಕಲಿಗಳ ಜೊತೆ ಹಾರಿಹೋದ ಮೇಲೆ, ನಾವು ಇಲ್ಲಿ ಯಾಕಿದೀವಿ ಅನ್ನೋ ಪ್ರಶ್ನೆ ಸಾತೋಶಿಯ ಗುಂಪಿನಲ್ಲೂ ಏಳುತ್ತೆ. ಅವನ ಉತ್ತರದ ಧಾಟಿ: ಏನೋಪ್ಪ, ಇದೀವಲ್ಲ, ಅದಕ್ಕೇ ಇದೀವಿ. ಸಿನಿಮಾ ಪೂರ್ತಿ ಮ್ಯೂಟೂ ತಲೆಕೆಡಿಸಿಕೊಂಡ ಪ್ರಶ್ನೆಗೆ, ಏನೂ ನೆನಪಿಲ್ಲದ ಹುಡುಗ ತಮಾಷೆಯ ಹಾಗೆ ಉತ್ತರ ಕೊಟ್ಟುಬಿಡುತ್ತಾನೆ.

ಎರಡೂ ಒಳ್ಳೇ ಮಾತುಗಳೇ. ಆದರೆ ಒಂದೇ ಮಾತಲ್ಲ. ಒಂದು ಹೇಳುತ್ತೆ, ಏನಾದರೂ ಮಾಡಿ ತೋರಿಸು, ಆಗ ನಿನಗೊಂದು ಅರ್ಥ ಬರುತ್ತೆ ಅಂತ. ಇನ್ನೊಂದು ಹೇಳುತ್ತೆ, ಮಾಡೋದು ಆಮೇಲಿನ ಮಾತು, ಮೊದಲು ನೀನು ಇದೀಯಲ್ಲ ಅಂತ.

ಈ ಚಿತ್ರಕಥೆ ಬರೆದವರು ತಾಕೇಶಿ ಶುದೋ, ನಿರ್ದೇಶಕ ಕುನಿಹಿಕೊ ಯುಯಾಮಾ. ಶುದೋ 2010ರಲ್ಲಿ ತೀರಿಕೊಂಡರು. ಮಕ್ಕಳ ಸಿನಿಮಾ ಅಂತ ಅವರು ಪ್ರಶ್ನೆಯನ್ನು ಚಿಕ್ಕದು ಮಾಡಲಿಲ್ಲ. ಆಮೇಲೆ ಬಂದ ಪೂರ್ಣ ಆವೃತ್ತಿಯ ಶುರುವಿನಲ್ಲಿ ಇನ್ನೂ ನೋವಿನ ಎಳೆಯೊಂದಿದೆ. ಮ್ಯೂಟೂವನ್ನು ತಯಾರಿಸಿದ ವಿಜ್ಞಾನಿ ತೀರಿಕೊಂಡ ತನ್ನ ಪುಟ್ಟ ಮಗಳನ್ನು ನಕಲಿನ ರೂಪದಲ್ಲಾದರೂ ವಾಪಸ್ ತರೋಕೆ ಒದ್ದಾಡುತ್ತಿರುತ್ತಾನೆ. ಆ ನಕಲು ಮಗು, ಪುಟ್ಟ ಮ್ಯೂಟೂ, ಇನ್ನೂ ಕೆಲವು ನಕಲಿ ಪೊಕೆಮಾನ್‌ಗಳು ಒಂದೇ ಲ್ಯಾಬ್‌ನಲ್ಲಿ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತವೆ. ಒಂದೊಂದಾಗಿ ಉಳಿದವರೆಲ್ಲ ಮಾಯವಾಗುತ್ತಾರೆ. ಹೋಗುವಾಗ ಆ ಮಗು ಮ್ಯೂಟೂಗೆ ಕಣ್ಣೀರು ಅಂದರೇನು ಅಂತ ಹೇಳಿಕೊಟ್ಟು ಹೋಗುತ್ತೆ. ಕೊನೆಯ ದೃಶ್ಯದ ಕಣ್ಣೀರಿನ ಬೇರು ಇಲ್ಲಿದೆ.

ಇವರ ಕೆಲಸದ ಹೊತ್ತಿನ ಪರಿಸ್ಥಿತಿಯೂ ಸುಲಭದ್ದಾಗಿರಲಿಲ್ಲ. 1997ರ ಏಪ್ರಿಲ್‌ನಲ್ಲಿ ಶುರುವಾಗಿದ್ದ ಟಿವಿ ಸರಣಿಯ ಒಂದು ಕಂತಿನಲ್ಲಿ, ಅದೇ ವರ್ಷ ಡಿಸೆಂಬರ್ 16ರಂದು, ಕೆಂಪು ನೀಲಿ ಬೆಳಕು ಪಟಪಟ ಮಿನುಗಿ ಜಪಾನಿನಾದ್ಯಂತ ಸುಮಾರು 700 ಜನ, ಹೆಚ್ಚಾಗಿ ಮಕ್ಕಳು, ಆಸ್ಪತ್ರೆ ಸೇರಿದರು. ಸರಣಿ ನಾಲ್ಕು ತಿಂಗಳು ನಿಂತಿತು. ಮತ್ತೆ ಶುರುವಾಗಿದ್ದು 1998ರ ಏಪ್ರಿಲ್‌ನಲ್ಲಿ, ಸಿನಿಮಾ ಬಂದಿದ್ದು ಜುಲೈನಲ್ಲಿ. ಕಾರ್ಯಕ್ರಮ ಉಳಿಯುತ್ತೋ ಇಲ್ಲವೋ ಅನ್ನೋ ಅನುಮಾನದ ಬೆನ್ನಲ್ಲೇ, ನಾನು ಯಾಕಿದೀನಿ ಅಂತ ಕೇಳುವ ಸಿನಿಮಾ.

ತಮಾಷೆ ಅಂದರೆ, ಈ ಸಿನಿಮಾಕ್ಕೂ ಈಗ ಒಂದು ನಕಲು ಇದೆ. 2019ರಲ್ಲಿ ಇದೇ ಕತೆಯನ್ನು ಹೆಚ್ಚುಕಡಿಮೆ ದೃಶ್ಯಕ್ಕೆ ದೃಶ್ಯ ಇಟ್ಟು ತ್ರೀಡಿ ಗ್ರಾಫಿಕ್ಸ್‌ನಲ್ಲಿ ಮತ್ತೆ ಮಾಡಿದರು. 2020ರಲ್ಲಿ ಅದು ನೆಟ್‌ಫ್ಲಿಕ್ಸ್‌ಗೂ ಬಂತು. ಜಪಾನಿಯಲ್ಲಿ ಮ್ಯೂಟೂಗೆ ಧ್ವನಿ ಕೊಟ್ಟವರು ಎರಡು ಸಲವೂ ಮಸಚಿಕಾ ಇಚಿಮುರಾ ಅನ್ನೋ ರಂಗಭೂಮಿ ನಟರೇ. ನಮ್ಮಂಥ ಹಳಬರು ‘ಮೊದಲಿನ ಹಾಗಿಲ್ಲ’ ಅಂತ ಮೂಗು ಮುರಿದೆವು. ಮ್ಯೂಟೂ ಕೇಳಿಸಿಕೊಂಡಿದ್ದರೆ ಬೇಜಾರು ಮಾಡಿಕೊಳ್ತಿತ್ತೇನೋ.

ಇಷ್ಟೆಲ್ಲ ನನಗೆ ಯಾಕೆ ನಾಟಿತು ಅಂತ ಹೇಳಬೇಕಾದರೆ ಮನೆ ವಿಷಯ ಸ್ವಲ್ಪ ಹೇಳಬೇಕು. ನಾನು ಎರಡನೆಯವಳು. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಅವಳ ಫ್ರಾಕು, ಅವಳ ಸ್ವೆಟರ್, ಅವಳ ಜ್ಯಾಮಿಟ್ರಿ ಬಾಕ್ಸ್, ಅವಳ ಪಠ್ಯಪುಸ್ತಕ. ಅಮ್ಮ ಹೊಸದಾಗಿ ಬೈಂಡ್ ಹಾಕಿಕೊಟ್ಟರೂ ಒಳಗಿನ ಪುಟದಲ್ಲಿ ಅಕ್ಕನ ಹೆಸರು ಇದ್ದೇ ಇರುತ್ತಿತ್ತು. ಮೊದಲ ದಿನ ಹಾಜರಿ ಕರೆಯುವಾಗ ಟೀಚರ್ ತಲೆಯೆತ್ತಿ, “ಓ, ನೀನು ಅವಳ ತಂಗಿನಾ?” ಅನ್ನೋರು. ಅವಳು ಹೋದ ಕಾಲೇಜಿಗೆ ಹೋದೆ, ಅವಳು ಓದಿದ ಬ್ರಾಂಚನ್ನೇ ಓದಿದೆ. ಮೊದಲ ಸಂಬಳ ಬಂದ ದಿನ ನೆಂಟರೊಬ್ಬರು ಖುಷಿಯಿಂದಲೇ ಹೇಳಿದರು, “ಥೇಟ್ ಅಕ್ಕನ ಕಾರ್ಬನ್ ಕಾಪಿ!”

ಹೊಗಳಿಕೆಯೇ. ಆದರೂ ಅವತ್ತು ರಾತ್ರಿ ಸ್ವಲ್ಪ ಅತ್ತಿದ್ದೆ.

ಆಮೇಲಿನ ವರ್ಷಗಳಲ್ಲಿ ನಾನು ಮಾಡಿದ್ದೆಲ್ಲ ಮಾಡಿ ತೋರಿಸೋ ಕೆಲಸವೇ. ರಾತ್ರಿ ಹನ್ನೊಂದಕ್ಕೂ ಮೇಲ್ ಕಳಿಸು, ಶನಿವಾರವೂ ಲಾಗಿನ್ ಆಗು, ಯಾರೂ ತಗೊಳ್ಳದ ಪ್ರಾಜೆಕ್ಟ್ ತಗೋ. ಇಂಗ್ಲಿಷ್ ಮ್ಯೂಟೂವಿನ ಮಾತನ್ನು ನಾನು ಅಕ್ಷರಶಃ ನಂಬಿದ್ದೆ. ಹೋದ ವರ್ಷ ಮೈ ಕೈಕೊಟ್ಟು ಮೂರು ವಾರ ಮಲಗಿದಾಗ, ಏನೂ ಮಾಡದೆ ಹಾಸಿಗೆಯಲ್ಲಿ ಬಿದ್ದಿರೋ ನಾನು ಯಾರು ಅಂತ ನನಗೇ ಗೊತ್ತಾಗಲಿಲ್ಲ.

ಭಾನುವಾರ ಸಿನಿಮಾ ಮುಗಿದ ಮೇಲೆ ಅಕ್ಕ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು. ಮಗ ಹೇಳಿದ್ದನ್ನು ಹೇಳಿದೆ. ಹಾಗೇ ಮಾತಿಗೆ ಮಾತು ಬಂದು, ನಗುತ್ತಲೇ, ಆ ಕಾರ್ಬನ್ ಕಾಪಿ ವಿಷಯವನ್ನೂ ಹೇಳಿಬಿಟ್ಟೆ. “ನಾನು ನಮ್ಮನೆ ಮ್ಯೂಟೂ ಕಣೇ” ಅಂದೆ.

ಅವಳಿಗೆ ಪೊಕೆಮಾನ್ ಗೊತ್ತಿಲ್ಲ. ನಾವು ಟಾಜೋ ಕೂಡಿಡುವಾಗ ಅವಳು ಟ್ಯೂಷನ್‌ನಲ್ಲಿರುತ್ತಿದ್ದಳು. ಮ್ಯೂ ಯಾರು, ಮ್ಯೂಟೂ ಯಾರು ಅಂತ ಕೇಳಿ ತಿಳಕೊಂಡಳು. ಮ್ಯೂ ಬಗ್ಗೆ ನನಗೆ ಬಹಳ ಇಷ್ಟವಾದ ನಿಜಸಂಗತಿ ಒಂದಿದೆ, ಅದನ್ನೂ ಹೇಳಿದೆ. 1996ರ ಫೆಬ್ರವರಿ 27ಕ್ಕೆ ಜಪಾನಿನಲ್ಲಿ ಗೇಮ್ ಬಾಯ್‌ಗೆ ಬಂದ ಮೊದಲ ಪೊಕೆಮಾನ್ ಗೇಮ್‌ನಲ್ಲಿ ಆಟಗಾರರಿಗೆ ಅಂತ ಇದ್ದದ್ದು 150 ಪೊಕೆಮಾನ್. ಗೇಮ್ ಇನ್ನೇನು ಮುಗೀತು ಅನ್ನುವಾಗ, ತಪ್ಪು ಹುಡುಕುವ ಪ್ರೋಗ್ರಾಂಗಳನ್ನು ತೆಗೆದುಹಾಕಿದ್ದರಿಂದ ಕಾರ್ಟ್ರಿಡ್ಜ್‌ನಲ್ಲಿ ಸುಮಾರು 300 ಬೈಟ್ ಜಾಗ ಉಳಿಯಿತು. ಶಿಗೆಕಿ ಮೊರಿಮೊತೊ ಅನ್ನೋ ಪ್ರೋಗ್ರಾಮರ್ ಆ ಸಂದಿಯಲ್ಲಿ ಮ್ಯೂವನ್ನು ಸೇರಿಸಿಬಿಟ್ಟರು. ಕೀಟಲೆಗೆ. ಅದು 151ನೆಯದು. ಆಟದಲ್ಲಿ ಅದಕ್ಕೆ ಮಾಡೋಕೆ ಯಾವ ಕೆಲಸವೂ ಇರಲಿಲ್ಲ, ನ್ಯಾಯವಾಗಿ ಆಡಿದರೆ ಅದು ಸಿಗುತ್ತಲೂ ಇರಲಿಲ್ಲ. ಆದರೂ ಹೇಗೋ ಕೆಲವರ ಆಟದಲ್ಲಿ ಕಾಣಿಸಿಕೊಂಡು, ಸುದ್ದಿ ಹಬ್ಬಿ, ಜಪಾನಿನ ಮಕ್ಕಳೆಲ್ಲ ಅದನ್ನೇ ಹುಡುಕೋಕೆ ಶುರುಮಾಡಿದರು.

ಅಕ್ಕ ಲೋಟಕ್ಕೆ ಕಾಫಿ ಬಗ್ಗಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನೀನು ಉಲ್ಟಾ ಹೇಳ್ತಿದೀಯ” ಅಂದಳು. “ಯಾವುದಕ್ಕೋ ಅಂತ ತಯಾರು ಮಾಡಿದ್ದು ನನ್ನ. ದೊಡ್ಡವಳು ದಾರಿ ತಪ್ಪಿದ್ರೆ ಚಿಕ್ಕವಳೂ ತಪ್ತಾಳೆ ಅಂತ ಅಪ್ಪ ದಿನಾ ಹೇಳೋರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ನಿಂದ ಹಿಡಿದು ಮದುವೆ ತನಕ ನಾನು ಮಾಡಿದ್ದೆಲ್ಲ ಮಾದರಿ ಆಗಿರ್ಬೇಕಿತ್ತು. ನಿನ್ನ ಯಾರೂ ಯಾವುದಕ್ಕೂ ಅಂತ ಬೆಳೆಸ್ಲಿಲ್ಲ ಕಣೇ. ನೀನು ಸುಮ್ನೆ ಇದ್ದೆ, ಆಟ ಆಡ್ಕೊಂಡು. ನಂಗೆ ಎಷ್ಟು ಹೊಟ್ಟೆಕಿಚ್ಚಾಗ್ತಿತ್ತು ಗೊತ್ತಾ?”

ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಒಂದೇ ಮನೆಯ ಮಗಳಾಗಿದ್ದು ಗೊತ್ತಿರಲಿಲ್ಲ. ನಾನು ಅವಳ ಹಳೇ ಫ್ರಾಕಿನೊಳಗೆ ಮುಖ ಊದಿಸಿಕೊಂಡು ಕೂತಿದ್ದಾಗ, ಅವಳು ಆ ಕವಚದೊಳಗೆ ಇದ್ದಳು.

ಏನು ಹೇಳಬೇಕೋ ತೋಚಲಿಲ್ಲ. “ಕಾಫಿ ಚೆನ್ನಾಗಿದೆ” ಅಂದೆ. ಅವಳು ನಕ್ಕು, “ಡಿಕಾಕ್ಷನ್ ಬೆಳಗಿಂದು” ಅಂದಳು.

ಅಷ್ಟರಲ್ಲಿ ಹಾಲ್‌ನಿಂದ ಕೂಗು. ಕೊನೆಯದ್ದನ್ನು ಇನ್ನೊಂದು ಸಲ ನೋಡಬೇಕಂತೆ. ಅಕ್ಕ ಕೈ ಒರೆಸಿಕೊಂಡು ಬಂದು ಅವನ ಪಕ್ಕ ಕೂತಳು. ಸಂಜೆ ಐದಕ್ಕೆ, ಬಟ್ಟೆ ಮಡಚೋದು ಬಿಟ್ಟು, ಸುಮ್ಮನೆ.

ಪರದೆ ಮೇಲೆ ಆ್ಯಶ್ ಕಲ್ಲಾಗಿ ಬಿದ್ದಿದ್ದ. ಮಗ ಅವಳ ಕೈ ಹಿಡಿದುಕೊಂಡು ಮೊದಲೇ ಹೇಳಿಬಿಟ್ಟ, “ಅಮ್ಮಾ, ಈಗ ಪೊಕೆಮಾನ್‌ಗಳು ಅಳ್ತವೆ ನೋಡು.”

“ಯಾವುದೋ? ಒರಿಜಿನಲ್ಲಾ, ಡೂಪ್ಲಿಕೇಟಾ?”

“ಎರಡೂ ಅಮ್ಮಾ” ಅಂದ ಅವನು, ಇದೂ ಗೊತ್ತಿಲ್ವಾ ಅನ್ನೋ ಹಾಗೆ.